ಟೇಕಲ್‌ನಿಂದ ಅಮೆರಿಕ ಎಷ್ಟು ಹರದಾರಿ?

ಬೆಂಗಳೂರಿನಿಂದ ಬಂಗಾರಪೇಟೆ ಕಡೆಗೆ ಹೋಗುವ ರೈಲು ಹತ್ತಿ ಕಿಟಕಿ ಪಕ್ಕ ಕೂತರೆ, ಮಾಲೂರು ದಾಟಿದ ಸ್ವಲ್ಪ ಹೊತ್ತಿಗೆ ಬಂಡೆಗಳ ಊರೊಂದು ಎದುರಾಗುತ್ತದೆ. ದೈತ್ಯರ ಮಕ್ಕಳು ಆಟವಾಡಿ ಹಾಗೇ ಬಿಟ್ಟುಹೋದಂತೆ ಗುಂಡುಕಲ್ಲುಗಳು ಒಂದರ ಮೇಲೊಂದು ಕೂತ ಬೆಟ್ಟಗಳು. ಬುಡದಲ್ಲಿ ಮನೆಗಳು, ಹುಣಸೆಮರ, ರಾಗಿ ಹೊಲ. ಎಲ್ಲಿಂದಲೋ ಕಲ್ಲು ಕೆಲಸದವರ ಉಳಿ, ಸುತ್ತಿಗೆಯ ಸದ್ದು. ಅದೇ ನಮ್ಮ ಟೇಕಲ್. ಕೋಲಾರ ಜಿಲ್ಲೆ, ಮಾಲೂರು ತಾಲ್ಲೂಕು. ರೈಲ್ವೆಯವರು ಮಾತ್ರ ‘ಟ್ಯಾಕಲ್’ ಎಂದು ಬರೆಯುತ್ತಾರೆ.

ನಮ್ಮೂರಿನ ಪಕ್ಕದ ಈ ಹಳಿ ಇಂದು ನಿನ್ನೆಯದಲ್ಲ. 1864ರಲ್ಲಿ ಬೆಂಗಳೂರು ದಂಡಿನಿಂದ ಜೋಲಾರ್‌ಪೇಟೆಗೆ ರೈಲು ಬಂತು. ಅಲ್ಲಿಂದ ಮುಂದೆ ಮದ್ರಾಸು, ಮದ್ರಾಸಿನಿಂದ ಹಡಗು, ಹಡಗಿನಿಂದ ಲೋಕವೆಲ್ಲ. ಹಾಗೆ ನೋಡಿದರೆ ನೂರ ಅರವತ್ತು ವರ್ಷಗಳಿಂದಲೂ ಟೇಕಲ್ ದೂರದ ಊರುಗಳಿಗೆ ಹೋಗುವ ದಾರಿಯಲ್ಲೇ ಇದೆ. ಈಗ ರೈಲಿನ ಜೊತೆಗೆ ವಿಮಾನವೂ ಸೇರಿದೆ. ದೇವನಹಳ್ಳಿ ಹತ್ತಿರ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಶುರುವಾಯಿತು. ನಮ್ಮೂರಿನಿಂದ ಅಲ್ಲಿಗೆ ಮಾಲೂರು, ಹೊಸಕೋಟೆ ಮೇಲೆ ಸುಮಾರು 70 ಕಿಲೋಮೀಟರ್.

ಮಾಲೂರು, ಬಂಗಾರಪೇಟೆ, ಕೋಲಾರದ ಸುತ್ತಮುತ್ತ ಈಗ ಹಳ್ಳಿಗೊಂದೆರಡು ಮನೆಯಲ್ಲಾದರೂ ಮಗನೋ ಮಗಳೋ ಹೊರದೇಶದಲ್ಲಿದ್ದಾರೆ. ಅಂಥ ಮನೆಯ ಅಜ್ಜಿ ತಾತಂದಿರಿಗೆ, ಅವರ ಮೊಮ್ಮಕ್ಕಳಿಗೆ ಉಪಯೋಗವಾಗಲಿ ಎಂದು ಈ ಲೆಕ್ಕ ಬರೆಯುತ್ತಿದ್ದೇನೆ. ನಾನು ಈ ಕಡೆಯ ಪ್ರಾಥಮಿಕ ಶಾಲೆಗಳಲ್ಲಿ ಮೇಷ್ಟ್ರಾಗಿದ್ದವನು. ಲೆಕ್ಕ ಬಿಟ್ಟರೆ ನನಗೆ ಬೇರೆ ಮಾತು ಬಾರದು.

ಕೂಗಳತೆ, ಹರದಾರಿ, ಗಾವುದ

ಮಕ್ಕಳೇ, ಕಿಲೋಮೀಟರು ಬರುವ ಮೊದಲು ನಮ್ಮ ಹಿರಿಯರು ದೂರವನ್ನು ಹೇಗೆ ಹೇಳುತ್ತಿದ್ದರು ಗೊತ್ತೇ? ಕೂಗಿದರೆ ಕೇಳಿಸುವಷ್ಟು ದೂರಕ್ಕೆ ‘ಕೂಗಳತೆ’. ಸುಮಾರು ಮೂರು ಮೈಲಿಗೆ, ಅಂದರೆ ಐದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ದೂರಕ್ಕೆ ‘ಹರದಾರಿ’. ಅಂಥ ನಾಲ್ಕು ಹರದಾರಿ ಸೇರಿದರೆ ಒಂದು ‘ಗಾವುದ’. ಇವೆಲ್ಲ ಕಾಲಿನ ಅಳತೆ, ಗಂಟಲಿನ ಅಳತೆ.

ನನ್ನ ಅಮ್ಮನಿಗೆ ಕೊನೆಯವರೆಗೂ ಹರದಾರಿಯೇ ಲೆಕ್ಕ. ನನ್ನ ಮಗ ಕೆಲಸಕ್ಕೆಂದು ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಹೋದಾಗ ಅಮ್ಮ ಕೇಳಿದ ಮೊದಲ ಮಾತು, “ಅವನಿರೋ ಊರು ಎಷ್ಟು ಹರದಾರಿ ಆಗ್ತದಪ್ಪಾ?”

ಬೆಂಗಳೂರು ವಿಮಾನ ನಿಲ್ದಾಣಕ್ಕೂ ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಕ್ಕೂ ನಡುವೆ ಭೂಮಿಯ ಮೇಲಿನ ಅತಿ ಹತ್ತಿರದ ದಾರಿ ಸುಮಾರು 14,000 ಕಿಲೋಮೀಟರ್. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಹಾಗಾಗಿ ಭೂಮಿಯ ಮೇಲೆ ಯಾವ ಎರಡು ಊರುಗಳ ನಡುವೆಯೂ 20,000 ಕಿಲೋಮೀಟರಿಗಿಂತ ಹೆಚ್ಚು ದೂರ ಇರಲಾರದು. ಅದರಲ್ಲಿ ನಮ್ಮ ಮನೆಯ ಹುಡುಗ ನೂರಕ್ಕೆ ಎಪ್ಪತ್ತು ಪಾಲು ದೂರ ಹೋಗಿಬಿಟ್ಟಿದ್ದ. ಹರದಾರಿಗೆ ಬದಲಾಯಿಸಿದರೆ 2,900 ಹರದಾರಿ.

“ನಡೆದ್ರೆ ಎಷ್ಟು ದಿನ?” ಎಂದರು ಅಮ್ಮ. ನಡುವೆ ಸಮುದ್ರವಿದೆ ಎಂಬುದನ್ನು ಸದ್ಯಕ್ಕೆ ಮರೆತು, ದಿನಕ್ಕೆ 30 ಕಿಲೋಮೀಟರಿನ ಲೆಕ್ಕ ಹಾಕಿದೆ. 467 ದಿನ. ಒಂದು ವರ್ಷ ಮೂರು ತಿಂಗಳು.

“ಹಂಗಾದ್ರೆ ಅವನು ಹೊರಟು ಮನೆ ಸೇರೋ ಹೊತ್ತಿಗೆ ಇನ್ನೊಂದು ಸುಗ್ಗಿ ಆಗಿರ್ತದೆ” ಎಂದು ನಕ್ಕರು.

ಸ್ವಾಮಿ ವಿವೇಕಾನಂದರು 1893ರ ಮೇ 31ರಂದು ಮುಂಬಯಿಯಲ್ಲಿ ಹಡಗು ಹತ್ತಿದವರು ಕೊಲಂಬೊ, ಸಿಂಗಪುರ, ಹಾಂಗ್‌ಕಾಂಗ್, ಜಪಾನ್ ದಾಟಿ ಕೆನಡಾದ ವ್ಯಾಂಕೂವರ್‌ನಲ್ಲಿ ಇಳಿದದ್ದು ಜುಲೈ 25ರಂದು. 55 ದಿನ. ಅಲ್ಲಿಂದ ಷಿಕಾಗೋಗೆ ಮತ್ತೆ ರೈಲು. ಅಮ್ಮ ಕೇಳಿದ ಕಾಲಕ್ಕೆ ಬೆಂಗಳೂರಿನಿಂದ ನೇರ ವಿಮಾನ ಸಿಕ್ಕರೆ ಹದಿನಾರು ಹದಿನೇಳು ಗಂಟೆ ಸಾಕಿತ್ತು. ಅಮ್ಮನಿಗೆ ಇದನ್ನು ಹೇಳಿದಾಗ ಅವರ ಮುಖದಲ್ಲಿ ಸಮಾಧಾನ ಕಂಡಿತು. “ಹದಿನೇಳು ಗಂಟೆ ಅಂದ್ರೆ ಹತ್ರಾನೇ ಬಿಡು” ಎಂದರು.

ಮೂವತ್ತಮೂರು ಗಂಟೆ

ಅಮ್ಮ ತೀರಿಕೊಂಡದ್ದು ಒಂದು ಮಂಗಳವಾರ ಬೆಳಗಿನ ಜಾವ ಐದಕ್ಕೆ. ಆಗ ಕ್ಯಾಲಿಫೋರ್ನಿಯಾದಲ್ಲಿ ಸೋಮವಾರ ಸಂಜೆ ನಾಲ್ಕೂವರೆ. ಫೋನು ಮಾಡಿದ ತಕ್ಷಣ ಮಗ ಎತ್ತಿದ. ಅವನ ಉಸಿರು ಕೂಡ ನನಗೆ ಕೇಳಿಸುತ್ತಿತ್ತು. ಅವನು ಆ ರಾತ್ರಿಯೇ ಸಿಕ್ಕಿದ ವಿಮಾನ ಹತ್ತಿದ. ನಡುವೆ ಒಂದು ಕಡೆ ಇಳಿದು, ಕಾದು, ಇನ್ನೊಂದು ವಿಮಾನಕ್ಕೆ ಬದಲಾಯಿಸಿ, ಬೆಂಗಳೂರಿನಲ್ಲಿಳಿದು, ಕಾರು ಹಿಡಿದು ನಮ್ಮ ಹೊಸ್ತಿಲು ತುಳಿದಾಗ ಬುಧವಾರ ಮಧ್ಯಾಹ್ನ ಎರಡು ಗಂಟೆ. ಸುದ್ದಿ ಮುಟ್ಟಿ ಮೂವತ್ತಮೂರು ಗಂಟೆ.

ಊರಿನ ಹಿರಿಯರು ಎಷ್ಟು ಹೊತ್ತು ಕಾಯಲು ಸಾಧ್ಯವೋ ಅಷ್ಟು ಕಾದಿದ್ದರು. ಮಂಗಳವಾರ ಹೊತ್ತು ಮುಳುಗುವ ಮೊದಲು ಅಮ್ಮನನ್ನು ಹೊಲದ ಮಣ್ಣಿಗೆ ಇಟ್ಟೆವು. ಮಗ ಬಂದು ನೋಡಿದ್ದು ಹಸಿ ಮಣ್ಣಿನ ಗುಡ್ಡೆ. ಗುರುವಾರದ ಹಾಲುತುಪ್ಪಕ್ಕೆ ಅವನೇ ಮುಂದೆ ನಿಂತ.

ಯಾರ ತಪ್ಪೂ ಅಲ್ಲ. ಆದರೆ ಆ ದಿನ ನನಗೆ ಒಂದು ಮಾತು ಸ್ಪಷ್ಟವಾಯಿತು. ನಮ್ಮ ಮಕ್ಕಳಿಗೂ ನಮಗೂ ನಡುವೆ ಈಗ ಒಂದಲ್ಲ, ಎರಡು ದೂರಗಳಿವೆ. ದನಿಯ ದೂರ ಒಂದು, ದೇಹದ ದೂರ ಇನ್ನೊಂದು. ದನಿಗೆ ಅಮೆರಿಕ ಈಗ ಕೂಗಳತೆ. ದೇಹಕ್ಕೆ ಮಾತ್ರ ಅದು ಇನ್ನೂ 2,900 ಹರದಾರಿಯೇ. ವಿಮಾನ ಎಷ್ಟು ಗಂಟೆ ಹಾರುತ್ತದೆ ಎಂಬುದು ಆ ದೂರದ ಪೂರ್ತಿ ಲೆಕ್ಕವಲ್ಲ. ಈ ಹೊಸ್ತಿಲಿನಿಂದ ಆ ಹೊಸ್ತಿಲಿಗೆ ಎಷ್ಟು ಎಂದು ಎಣಿಸಬೇಕು.

ದಾರ ಹಿಡಿದು ನೋಡಿ

ಆ ದಿನಗಳಲ್ಲೇ ಮಗಳ ಮಗಳು ಕೇಳಿದಳು. ಅವಳು ಮಾಲೂರಿನಲ್ಲಿ ಏಳನೇ ತರಗತಿ. “ತಾತ, ಮಾವ ಯಾಕೆ ಸುತ್ಕೊಂಡು ಬಂದ್ರು? ನೇರವಾಗಿ ಬರಬಹುದಿತ್ತಲ್ಲ?”

‘ನೇರ’ ಎಂದರೆ ಯಾವುದು, ನೀನೇ ಹುಡುಕು ಎಂದೆ. ಅವಳು ಗೋಡೆಯ ಭೂಪಟದ ಮೇಲೆ ಅಡಿಕೋಲಿಟ್ಟು ಗೆರೆ ಎಳೆದಳು. ನಮ್ಮ ಶಾಲೆಯ ಭೂಪಟಗಳಲ್ಲಿ ಅಮೆರಿಕ ಎಡಗಡೆ ಇರುತ್ತದೆ. ಗೆರೆ ಬೆಂಗಳೂರಿನಿಂದ ಹೊರಟು ಅರಬ್ಬೀ ಸಮುದ್ರ, ಆಫ್ರಿಕಾದ ಸಹಾರಾ ಮರುಭೂಮಿ, ಅಟ್ಲಾಂಟಿಕ್ ಸಾಗರ, ಆಮೇಲೆ ಇಡೀ ಅಮೆರಿಕವನ್ನು ಅಡ್ಡಲಾಗಿ ದಾಟಿ ಕ್ಯಾಲಿಫೋರ್ನಿಯಾ ಮುಟ್ಟಿತು. ಆ ಗೆರೆಯ ಮೇಲೆ ಹೋದರೆ ಸುಮಾರು 20,000 ಕಿಲೋಮೀಟರ್ ಆಗುತ್ತದೆ. ಅತಿ ಹತ್ತಿರದ ದಾರಿಗಿಂತ 6,000 ಹೆಚ್ಚು!

ಚಪ್ಪಟೆ ಹಾಳೆಯ ಮೇಲೆ ನೇರವಾಗಿ ಕಾಣುವ ದಾರಿ ಗುಂಡಗಿನ ಭೂಮಿಯ ಮೇಲೆ ನೇರವಲ್ಲ. ಕಿತ್ತಳೆ ಸಿಪ್ಪೆಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹರಡಲು ನೋಡಿ. ಎಲ್ಲಾದರೂ ಎಳೆಯಬೇಕು, ಎಲ್ಲಾದರೂ ಹರಿಯಬೇಕು. ಭೂಪಟ ಮಾಡುವವರೂ ಹಾಗೇ ಎಳೆದಿದ್ದಾರೆ. 1569ರಲ್ಲಿ ಮರ್ಕೇಟರ್ ಎಂಬಾತ ಹಡಗಿನವರ ಅನುಕೂಲಕ್ಕೆ ಮಾಡಿದ ಬಗೆಯ ಭೂಪಟದಲ್ಲಿ ಉತ್ತರದ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜವಾಗಿ ಆಫ್ರಿಕಾ ಅದರ ಹದಿನಾಲ್ಕು ಪಟ್ಟು ದೊಡ್ಡದು.

ಹಾಗಾದರೆ ನೇರ ದಾರಿ ಯಾವುದು? ಅವಳ ಅಜ್ಜಿ ಹೂ ಕಟ್ಟುತ್ತಾ ಕೂತಿದ್ದರು. ಅವರ ದಾರದಲ್ಲೇ ಒಂದು ಮೊಳ ಕತ್ತರಿಸಿ ಕೊಟ್ಟರು. ಭೂಗೋಳದ ಮೇಲೆ ದಾರದ ಒಂದು ತುದಿ ಬೆಂಗಳೂರಿನಲ್ಲಿ, ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಟ್ಟು ಬಿಗಿಯಾಗಿ ಎಳೆದಳು. ದಾರ ತಾನೇ ಜಾರಿ ಜಾರಿ ಮೇಲಕ್ಕೆ ಹೋಗಿ ಒಂದು ಕಡೆ ನಿಂತಿತು. ಪಡುವಣಕ್ಕೂ ಅಲ್ಲ, ಮೂಡಣಕ್ಕೂ ಅಲ್ಲ, ಬಡಗಣಕ್ಕೆ! ನೇಪಾಳ, ಟಿಬೆಟ್ಟು, ಮಂಗೋಲಿಯಾದ ಪಶ್ಚಿಮದ ಮೂಲೆ, ಸೈಬೀರಿಯಾ, ಆರ್ಕ್ಟಿಕ್ ಸಾಗರದ ಅಂಚು, ಅಲಾಸ್ಕ, ಅಲ್ಲಿಂದ ಕೆಳಗಿಳಿದು ಕ್ಯಾಲಿಫೋರ್ನಿಯಾ. ಇದೇ 14,000 ಕಿಲೋಮೀಟರಿನ ದಾರಿ. ಇದಕ್ಕೆ ‘ಮಹಾವೃತ್ತದ ದಾರಿ’ ಎಂದು ಹೆಸರು.

ಮಗ ಬಂದಂತೆ ನಡುವೆ ಇಳಿದು ಬರುವವರ ದಾರಿ ಇದಕ್ಕಿಂತ ಉದ್ದ. ಉದಾಹರಣೆಗೆ, ಜರ್ಮನಿಯ ಫ್ರಾಂಕ್‌ಫರ್ಟ್ ಮೇಲೆ ಬಂದರೆ ಸುಮಾರು 16,500 ಕಿಲೋಮೀಟರ್. ಎರಡೂವರೆ ಸಾವಿರ ಹೆಚ್ಚು. ಆದರೆ ನೇರ ವಿಮಾನ ಎಲ್ಲ ದಿನವೂ ಇರುತ್ತಿರಲಿಲ್ಲ. ಇದ್ದ ದಿನ ಸೀಟು ಇರುತ್ತಿರಲಿಲ್ಲ. ತುರ್ತಿನಲ್ಲಿ ಸಿಕ್ಕಿದ ದಾರಿಯೇ ಹತ್ತಿರದ ದಾರಿ.

ಧ್ರುವದ ಮೇಲಿನಿಂದ ಬಂದವರು

ಇನ್ನೊಂದು ಲೆಕ್ಕ ಮಾಡೋಣ. ಉತ್ತರ ಧ್ರುವದ ಮೇಲೆಯೇ ಹಾದುಹೋದರೆ ಎಷ್ಟಾಗುತ್ತದೆ? ಬೆಂಗಳೂರು ನಿಲ್ದಾಣ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಧ್ರುವ 90 ಡಿಗ್ರಿ. ನಡುವೆ 77 ಡಿಗ್ರಿ. ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರ್. ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 38 ಡಿಗ್ರಿಯಲ್ಲಿದೆ, ಅಲ್ಲಿಂದ ಧ್ರುವಕ್ಕೆ 52 ಡಿಗ್ರಿ. 77ಕ್ಕೆ 52 ಕೂಡಿಸಿ, 111ರಿಂದ ಗುಣಿಸಿ. ಸುಮಾರು 14,300 ಬರುತ್ತದೆ. ಅತಿ ಹತ್ತಿರದ ದಾರಿಗಿಂತ ಮುನ್ನೂರು ಚಿಲ್ಲರೆ ಕಿಲೋಮೀಟರ್ ಮಾತ್ರ ಹೆಚ್ಚು! ಕಾರಣ, ಈ ಎರಡು ಊರುಗಳು ಭೂಮಿಯ ಹೆಚ್ಚುಕಡಿಮೆ ಎದುರುಬದುರು ಮಗ್ಗುಲಲ್ಲಿವೆ. ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೋಗಲು ನೆತ್ತಿಯ ಮೇಲಿನ ದಾರಿಯೇ ಸಲೀಸು.

ಈ ಲೆಕ್ಕವನ್ನು ಹಾರಿ ತೋರಿಸಿದವರಿದ್ದಾರೆ. 2021ರ ಜನವರಿ 9ರ ರಾತ್ರಿ ಎಂಟೂವರೆ ಸುಮಾರಿಗೆ ಏರ್ ಇಂಡಿಯಾದ ಬೋಯಿಂಗ್ 777 ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಉತ್ತರ ಧ್ರುವದ ಮೇಲಿನ ದಾರಿ ಹಿಡಿದು, ಸುಮಾರು ಹದಿನೇಳು ಗಂಟೆ ಎಲ್ಲೂ ಇಳಿಯದೆ ಹಾರಿ ಬೆಂಗಳೂರು ತಲುಪಿತು. ಈ ಎರಡು ಊರುಗಳ ನಡುವಿನ ಮೊದಲ ನೇರ ವಿಮಾನ ಅದು. ಅದನ್ನು ಹಾರಿಸಿದ ನಾಲ್ವರೂ ಮಹಿಳೆಯರು: ಕ್ಯಾಪ್ಟನ್ ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ ಮತ್ತು ಶಿವಾನಿ ಮನ್ಹಾಸ್. ಹದಿನೇಳು ಗಂಟೆ ಒಬ್ಬರೇ ಎಚ್ಚರವಾಗಿ ಕೂರಲು ಆಗುವುದಿಲ್ಲ. ಅದಕ್ಕೇ ಇಬ್ಬಿಬ್ಬರು ಸರದಿಯಲ್ಲಿ ಹಾರಿಸುತ್ತಾರೆ, ಉಳಿದವರು ಮಲಗಿ ಏಳುತ್ತಾರೆ.

ಧ್ರುವದ ದಾರಿ ಹತ್ತಿರವೇನೋ ಹೌದು, ಸುಲಭವಲ್ಲ. ಜನವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ವಿಮಾನ ಹಾರುವ ಎತ್ತರದಲ್ಲಿ ಚಳಿ ಸೊನ್ನೆಗಿಂತ ಐವತ್ತು ಡಿಗ್ರಿಗೂ ಕೆಳಗೆ. ವಿಮಾನದ ಇಂಧನ ಹೆಪ್ಪುಗಟ್ಟದಂತೆ ನೋಡಿಕೊಳ್ಳಬೇಕು. ಮಾಮೂಲಿ ದಿಕ್ಸೂಚಿಯ ಮುಳ್ಳನ್ನು ಅಲ್ಲಿ ನಂಬುವ ಹಾಗಿಲ್ಲ. ಮುಖ್ಯವಾಗಿ, ಏನಾದರೂ ಹೆಚ್ಚುಕಡಿಮೆಯಾದರೆ ಇಳಿಯಲು ಊರುಗಳು ಬಹಳ ಕಡಿಮೆ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ವಿಮಾನವೊಂದು ಎಂಜಿನ್ ತೊಂದರೆಯಿಂದ ರಷ್ಯಾದ ದೂರದ ಮೂಲೆಯ ಮಗದಾನ್ ಎಂಬ ಊರಿನಲ್ಲಿ ಇಳಿಯಿತು. ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರು ಅಲ್ಲೇ ತಂಗಿದ್ದರು. ಇನ್ನೊಂದು ವಿಮಾನ ಹೋಗಿ ಅವರನ್ನು ಮುಂದಕ್ಕೆ ಕರೆದೊಯ್ದಿತು.

ಆದ್ದರಿಂದ ವಿಮಾನ ಯಾವಾಗಲೂ ದಾರ ತೋರಿಸಿದ ದಾರಿಯಲ್ಲೇ ಹೋಗುವುದಿಲ್ಲ. ಯಾವ ದೇಶದ ಆಕಾಶ ತೆರೆದಿದೆ, ಯಾವುದು ಮುಚ್ಚಿದೆ, ಗಾಳಿ ಯಾವ ಕಡೆಗಿದೆ ಎಂದು ನೋಡಿ ಪ್ರತಿದಿನವೂ ದಾರಿ ಗೊತ್ತುಮಾಡುತ್ತಾರೆ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಗಾಳಿ ಇದೆ. ಗಂಟೆಗೆ ನೂರರಿಂದ ಇನ್ನೂರು ಕಿಲೋಮೀಟರ್ ವೇಗ, ಕೆಲವೊಮ್ಮೆ ಇನ್ನೂ ಹೆಚ್ಚು. ಪೂರ್ವಕ್ಕೆ ಹೋಗುವಾಗ ಅದು ಬೆನ್ನು ತಳ್ಳುತ್ತದೆ, ಪಶ್ಚಿಮಕ್ಕೆ ಬರುವಾಗ ಎದೆಗೆ ಬಡಿಯುತ್ತದೆ. ತುಂಬಿದ ಹೊಳೆಯಲ್ಲಿ ತೆಪ್ಪ ನಡೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಎರಡು ಊರಿನ ನಡುವೆ ಹೋಗುವ ಹೊತ್ತು ಬೇರೆ, ಬರುವ ಹೊತ್ತು ಬೇರೆ ಆಗುವುದು ಇದಕ್ಕೇ.

ಜನವರಿ 10 ಎಲ್ಲಿ ಹೋಯಿತು?

ಆ ನಾಲ್ವರು ಹಾರಿಸಿದ ವಿಮಾನದಲ್ಲಿ ಒಂದು ಒಗಟಿದೆ. ಹೊರಟದ್ದು ಜನವರಿ 9ರ ರಾತ್ರಿ. ಇಳಿದದ್ದು ಜನವರಿ 11ರ ಬೆಳಗಿನ ಜಾವ. ಹಾರಿದ್ದು ಹದಿನೇಳೇ ಗಂಟೆ. ನಡುವಿನ 10ನೇ ತಾರೀಕು ಎಲ್ಲಿ ಹೋಯಿತು?

ಎಲ್ಲೂ ಹೋಗಿಲ್ಲ. ಆ ವಿಮಾನ ಹೊರಟ ಗಳಿಗೆಯಲ್ಲಿ ನಮ್ಮ ಗಡಿಯಾರದಲ್ಲಿ ಆಗಲೇ 10ರ ಬೆಳಗ್ಗೆ ಹತ್ತು ಗಂಟೆ. ಅದಕ್ಕೆ ಹದಿನೇಳು ಕೂಡಿಸಿದರೆ 11ರ ಬೆಳಗಿನ ಜಾವ ಮೂರು. ಲೆಕ್ಕ ಸರಿಯಾಯಿತು.

ಭೂಮಿ 24 ಗಂಟೆಯಲ್ಲಿ ಒಂದು ಸುತ್ತು, ಅಂದರೆ 360 ಡಿಗ್ರಿ ತಿರುಗುತ್ತದೆ. ಒಂದು ಗಂಟೆಗೆ 15 ಡಿಗ್ರಿ. ಭಾರತಕ್ಕೆಲ್ಲ 82½ ಡಿಗ್ರಿ ರೇಖಾಂಶದ ಹೊತ್ತೇ ಹೊತ್ತು. ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಆದರೆ ಅವರು ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಆ ನಡುವಿನ ತಿಂಗಳುಗಳಲ್ಲಿ ವ್ಯತ್ಯಾಸ ಹನ್ನೆರಡೂವರೆ ಗಂಟೆ.

ನನ್ನ ಹೆಂಡತಿ ಇದಕ್ಕೆ ಒಂದು ಸುಲಭ ಸೂತ್ರ ಮಾಡಿಕೊಂಡಿದ್ದಾಳೆ. ಬೇಸಿಗೆ, ಮಳೆಗಾಲದಲ್ಲಿ ನಮ್ಮ ಗಡಿಯಾರದಲ್ಲಿ ಅರ್ಧ ಗಂಟೆ ಕಳೆದು ಹಗಲಿದ್ದರೆ ರಾತ್ರಿ, ರಾತ್ರಿಯಿದ್ದರೆ ಹಗಲು ಅಂದುಕೊಳ್ಳುವುದು. ನಮ್ಮ ಬೆಳಗಿನ ಎಂಟು ಅವರ ಹಿಂದಿನ ದಿನದ ರಾತ್ರಿ ಏಳೂವರೆ. ಚಳಿಗಾಲದಲ್ಲಿ ಒಂದೂವರೆ ಗಂಟೆ ಕಳೆಯುವುದು. ನಮ್ಮ ಎಂಟು ಅವರ ಆರೂವರೆ. ಯಾವ ಹೊತ್ತಿಗೆ ಫೋನು ಮಾಡಿದರೆ ಮೊಮ್ಮಗು ಎಚ್ಚರವಾಗಿರುತ್ತದೆ ಎಂಬುದಕ್ಕೆ ಇಷ್ಟು ಲೆಕ್ಕ ಸಾಕು.

ನಾವು ಹೋದ ಲೆಕ್ಕ

ಅಮ್ಮ ಹೋದ ಮೇಲೆ ಮಗ, “ಅಪ್ಪಾ, ನೀವಿಬ್ಬರೂ ಒಮ್ಮೆ ಬಂದುಹೋಗಿ, ದೂರ ಎಷ್ಟೂಂತ ನಿಮಗೂ ಗೊತ್ತಾಗಲಿ” ಎಂದು ಹೇಳುತ್ತಲೇ ಇದ್ದ. 2023ರ ಏಪ್ರಿಲ್‌ನಲ್ಲಿ ಹೊರಟೆವು. ನನಗೆ ಎಪ್ಪತ್ತು ದಾಟಿತ್ತು, ಅವಳಿಗೆ ಮಂಡಿನೋವು. ಅದಕ್ಕೇ ನೇರ ವಿಮಾನ ನೋಡಿದೆವು.

ನನ್ನ ಕಿಸೆಯಲ್ಲಿ ಒಂದು ಪುಟ್ಟ ಪುಸ್ತಕವಿತ್ತು. ಎಲ್ಲೆಲ್ಲಿ ಎಷ್ಟು ಹೊತ್ತಾಯಿತು ಎಂದು ಭಾರತದ ಗಡಿಯಾರದಲ್ಲೇ ಬರೆದುಕೊಂಡು ಹೋದೆ. ಬೆಳಗ್ಗೆ ಆರೂವರೆಗೆ ಟೇಕಲ್ ಬಿಟ್ಟೆವು. ಮಾಲೂರು ದಾಟಿ, ಹೊಸಕೋಟೆಯ ವಾಹನಗಳ ಸಾಲಿನಲ್ಲಿ ನಿಂತು, ನಿಲ್ದಾಣ ಸೇರಿದಾಗ ಒಂಬತ್ತು. ಸಾಮಾನು ತೂಗಿಸಿ, ಪಾಸ್‌ಪೋರ್ಟ್ ತೋರಿಸಿ, ತಪಾಸಣೆ ಮುಗಿಸಿ ವಿಮಾನ ನೆಲ ಬಿಟ್ಟಾಗ ಮಧ್ಯಾಹ್ನ ಎರಡು.

ಎದುರಿನ ಪರದೆಯ ಮೇಲೆ ಪುಟ್ಟ ವಿಮಾನವೊಂದು ಭೂಪಟದ ಮೇಲೆ ತೆವಳುತ್ತಿತ್ತು. ನಮ್ಮ ವಿಮಾನ ಅಂದು ಧ್ರುವದ ಕಡೆ ಹೋಗಲಿಲ್ಲ. ಬೆನ್ನ ಗಾಳಿ ಹಿಡಿಯಲು ಪೂರ್ವಕ್ಕೆ ಹೊರಳಿ ಬಂಗಾಳ ಕೊಲ್ಲಿ, ಚೀನಾ, ಜಪಾನ್ ದಾಟಿ ಪೆಸಿಫಿಕ್ ಸಾಗರದ ಮೇಲೆ ಹೋಯಿತು. ಸೂರ್ಯನ ಎದುರಿಗೆ ಓಡುತ್ತಿದ್ದುದರಿಂದ ಬೇಗ ಕತ್ತಲಾಯಿತು, ಬೇಗ ಬೆಳಕೂ ಆಯಿತು. ರಾತ್ರಿ ಎಂಬುದು ಒಂದು ತೂಕಡಿಕೆಯಷ್ಟೇ ಇತ್ತು. ಪೆಸಿಫಿಕ್ ನಡುವಿನ ದಿನರೇಖೆ ದಾಟಿದಾಗ ಮುಗಿದುಹೋಗಿದ್ದ ತಾರೀಕು ಮತ್ತೆ ಬಂತು. ಹೆಂಡತಿ ಹೇಳಿದಳು, “ಏನ್ರೀ, ಇವತ್ತಿನ ಮಾತ್ರೆ ಆಗಲೇ ನುಂಗಿದೀನಿ, ಮತ್ತೆ ಇವತ್ತೇ ಬಂತಲ್ಲ?” ತಮಾಷೆಯಲ್ಲ, ಇದು ಮುಖ್ಯವಾದ ಪ್ರಶ್ನೆ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಔಷಧಿ ತೆಗೆದುಕೊಳ್ಳುವವರು ದಾರಿಯಲ್ಲಿ ಯಾವ ಗಡಿಯಾರದಂತೆ ನುಂಗಬೇಕೆಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿ ಬರೆಸಿಕೊಳ್ಳಬೇಕು. ನಾವು ಹಾಗೆ ಬರೆಸಿಕೊಂಡಿದ್ದ ಚೀಟಿ ತೆಗೆದು ನೋಡಿದೆವು.

ಹದಿನಾರು ಗಂಟೆ ಹಾರಿ ಇಳಿದಾಗ ಅಲ್ಲಿ ಅದೇ ದಿನದ ಸಂಜೆ ಐದೂವರೆ. ಸಾಲಿನಲ್ಲಿ ನಿಂತು ಹೊರಗೆ ಬರಲು ಒಂದೂವರೆ ಗಂಟೆ, ಮಗನ ಮನೆಗೆ ಐವತ್ತು ಕಿಲೋಮೀಟರ್ ಕಾರಿನಲ್ಲಿ ಒಂದು ಗಂಟೆ. ಹೊಸ್ತಿಲು ಮುಟ್ಟಿದಾಗ ರಾತ್ರಿ ಎಂಟು.

ಗಡಿಯಾರ ನಂಬಿದರೆ ಬೆಳಗ್ಗೆ ಆರೂವರೆಗೆ ಟೇಕಲ್ ಬಿಟ್ಟವರು ಅದೇ ರಾತ್ರಿ ಎಂಟಕ್ಕೆ ಅಮೆರಿಕದ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಹದಿಮೂರೂವರೆ ಗಂಟೆ! ಮೈ ಕೇಳಿದರೆ ಮಾತ್ರ ಇಪ್ಪತ್ತಾರು ಎನ್ನುತ್ತಿತ್ತು. ಪುಸ್ತಕ ತೆಗೆದು ಕೂಡಿಸಿದೆ. ಆಕಾಶದಲ್ಲಿ ಹದಿನಾಲ್ಕು ಸಾವಿರಕ್ಕೂ ಮೇಲ್ಪಟ್ಟ ಕಿಲೋಮೀಟರಿಗೆ 16 ಗಂಟೆ. ನೆಲದ ಮೇಲೆ, ಎರಡೂ ಕಡೆಯದು ಸೇರಿ, 120 ಕಿಲೋಮೀಟರಿಗೆ 10 ಗಂಟೆ. ವಿಮಾನಗಳು ಎಷ್ಟೇ ವೇಗವಾದರೂ ಈ ಹತ್ತು ಗಂಟೆ ಕರಗುವುದಿಲ್ಲ. ಆ ಮಂಗಳವಾರ ನನ್ನ ಮಗ ವಿಮಾನದಲ್ಲಿ ಹದಿನೇಳೇ ಗಂಟೆ ಹಾರಿದ್ದರೂ, ಹೊತ್ತು ಮುಳುಗುವ ಮೊದಲು ನಮ್ಮ ಹೊಲ ಮುಟ್ಟಲು ಸಾಧ್ಯವಿರಲಿಲ್ಲ. ಅದು ಗೊತ್ತಾದ ಮೇಲೆ ಅವನ ಮನಸ್ಸಿನಲ್ಲಿದ್ದ ಒಂದು ಭಾರ ಇಳಿಯಿತು ಎಂದು ನನಗನ್ನಿಸುತ್ತದೆ. ಆ ರಾತ್ರಿ ಪುಸ್ತಕದ ಲೆಕ್ಕವನ್ನು ಅವನ ಮುಂದಿಟ್ಟೆ. ಅವನು ಎರಡು ಸಲ ಕೂಡಿಸಿ ನೋಡಿದ. “ಹೌದಪ್ಪಾ, ಆಗ್ತಾನೇ ಇರಲಿಲ್ಲ” ಎಂದ. ಅಷ್ಟೇ.

ಹೊರಡುವ ಹಿರಿಯರಿಗೆ

ಇಂಥ ಪ್ರಯಾಣಕ್ಕೆ ಹೊರಡುವ ಅಜ್ಜಿ ತಾತಂದಿರಿಗೆ ನಾವು ಕಂಡುಕೊಂಡ ನಾಲ್ಕು ಮಾತು. ಔಷಧಿಯನ್ನೂ ವೈದ್ಯರ ಚೀಟಿಯನ್ನೂ ದೊಡ್ಡ ಪೆಟ್ಟಿಗೆಯಲ್ಲಿ ಹಾಕಬೇಡಿ, ಕೈಚೀಲದಲ್ಲೇ ಇಟ್ಟುಕೊಳ್ಳಿ. ಟಿಕೆಟ್ ತೆಗೆಸುವಾಗಲೇ ಗಾಲಿಕುರ್ಚಿ ಬೇಕೆಂದು ಹೇಳಿಸಿ. ನಡೆಯಲು ಬರುವವರೂ ಸಂಕೋಚಪಡಬೇಕಾಗಿಲ್ಲ, ದೊಡ್ಡ ನಿಲ್ದಾಣಗಳಲ್ಲಿ ನಡಿಗೆಯೇ ಒಂದೊಂದು ಹರದಾರಿ. ವಿಮಾನದಲ್ಲಿ ಆಗಾಗ ನೀರು ಕುಡಿಯಿರಿ, ಗಂಟೆ ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಒಂದೇ ಕಡೆ ಕೂತರೆ ಕಾಲು ಊದುತ್ತದೆ, ಕಾಲಿನ ರಕ್ತ ಹೆಪ್ಪುಗಟ್ಟುವ ಭಯವೂ ಇದೆ.

ನಾಲ್ಕನೆಯದು ಬಾಯಿಚಪಲದ ಮಾತು. ಶ್ರೀನಿವಾಸಪುರದ ಮಾವಿನಹಣ್ಣು, ಹಿತ್ತಲ ಕರಿಬೇವು ಪೆಟ್ಟಿಗೆಯಲ್ಲಿ ಒಯ್ಯುವಂತಿಲ್ಲ. ಹಣ್ಣಿನೊಳಗಿನ ಹುಳು ತಮ್ಮ ತೋಟಕ್ಕೆ ಬಂದೀತೆಂದು ಅವರ ಅಂಜಿಕೆ. ವಿಕಿರಣ ಹಾಯಿಸಿ ಹುಳು ನಿವಾರಿಸಿದ ಭಾರತದ ಮಾವನ್ನು ಮಾತ್ರ 2007ರಿಂದ ವ್ಯಾಪಾರದ ದಾರಿಯಲ್ಲಿ ಒಳಗೆ ಬಿಡುತ್ತಾರೆ. ಅಂಥ ವಿಕಿರಣ ಕೇಂದ್ರ ನಮ್ಮ ಮಾಲೂರಿನಲ್ಲೇ ಇದೆ. ಅಂದರೆ ನಮ್ಮ ಕಡೆಯ ಮಾವಿಗೂ ಅಮೆರಿಕಕ್ಕೆ ಹೋಗಲು ಒಂದು ಬಗೆಯ ವೀಸಾ ಬೇಕು!

ನಿಮ್ಮ ಮನೆಯ ಲೆಕ್ಕ

ಈಗ ನಿಮ್ಮ ಸರದಿ, ಮಕ್ಕಳೇ. ನಿಮ್ಮ ಮನೆಯವರು ಯಾರು ಎಲ್ಲಿದ್ದಾರೆ? ದುಬೈಯೋ, ಲಂಡನ್ನೋ, ಸಿಂಗಪುರವೋ, ಸಿಡ್ನಿಯೋ? ಶಾಲೆಯ ಭೂಗೋಳ ತೆಗೆದುಕೊಳ್ಳಿ, ಇಲ್ಲದಿದ್ದರೆ ಒಂದು ಚೆಂಡಿನ ಮೇಲೆ ಊರುಗಳನ್ನು ಗುರುತಿಸಿಕೊಳ್ಳಿ. ದಾರವನ್ನು ಮೊದಲು ಭೂಮಧ್ಯರೇಖೆಯ ಸುತ್ತ ಒಂದು ಸುತ್ತು ಸುತ್ತಿ ಅಳೆಯಿರಿ. ಅಷ್ಟು ದಾರಕ್ಕೆ 40,000 ಕಿಲೋಮೀಟರ್. ಆಮೇಲೆ ಎರಡು ಊರುಗಳ ನಡುವೆ ಬಿಗಿಯಾಗಿ ಎಳೆದು, ಎಷ್ಟು ದಾರ ಹಿಡಿಯಿತೆಂದು ಅಳೆದು ತಾಳೆ ಹಾಕಿ. ಬಂದ ದೂರವನ್ನು ಗಂಟೆಗೆ 900 ಕಿಲೋಮೀಟರಿನಂತೆ ಭಾಗಿಸಿದರೆ ಹಾರುವ ಹೊತ್ತು ಹೆಚ್ಚುಕಡಿಮೆ ಸಿಗುತ್ತದೆ. ಲೋಕದ ಅತಿ ಉದ್ದದ ನೇರ ವಿಮಾನಗಳಲ್ಲೊಂದಾದ ಸಿಂಗಪುರ–ನ್ಯೂಯಾರ್ಕ್ ನಡುವಿನದು ಸುಮಾರು 15,300 ಕಿಲೋಮೀಟರ್, ಹದಿನೆಂಟು ಗಂಟೆಗೂ ಮೇಲೆ. ನಿಮ್ಮ ಉತ್ತರ ಅದಕ್ಕಿಂತ ಹೆಚ್ಚು ಬಂದರೆ ಇನ್ನೊಮ್ಮೆ ಅಳೆಯಿರಿ.

ಅಷ್ಟಕ್ಕೇ ಬಿಡಬೇಡಿ. ನಿಮ್ಮ ಮನೆಯಿಂದ ನಿಲ್ದಾಣಕ್ಕೆ ಎಷ್ಟು ಹೊತ್ತು, ಅಲ್ಲಿ ಕಾಯುವುದು ಎಷ್ಟು, ಇಳಿದ ಮೇಲೆ ಅವರ ಮನೆಗೆ ಎಷ್ಟು ಎಂದು ಕೇಳಿ ತಿಳಿದು ಕೂಡಿಸಿ. ಉತ್ತರವನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ಅಜ್ಜಿ ತಾತ ದಿನವೂ ನೋಡುವ ಕ್ಯಾಲೆಂಡರಿನ ಪಕ್ಕ ಅಂಟಿಸಿ. ಕೆಳಗೆ, ಇಲ್ಲಿ ಬೆಳಗ್ಗೆ ಎಂಟಾದರೆ ಅಲ್ಲಿ ಎಷ್ಟು ಎಂಬುದನ್ನೂ ಬರೆಯಿರಿ. ಬರೆದಾದ ಮೇಲೆ ಅಜ್ಜಿಯನ್ನೋ ತಾತನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಫೋನು ಮಾಡಿ.